ಕೆಂಪು ಮಾಸಿದ ಹೆಸರು

ಒಕಿತ್ಸು ಶಿಗೆಯಾ ಹದಿನಾಲ್ಕು ವರ್ಷ ಬೇರೆಯವರ ಚಿತ್ರಕಥೆಗಳಲ್ಲಿ ನಾಯಕರ ಬೆನ್ನ ಹಿಂದೆ ಆಕಾಶ ಬರೆದರು. ಆಕಾಶ, ಹೆಂಚಿನ ಸಾಲು, ವಿದ್ಯುತ್ ತಂತಿ, ರೈಲು ನಿಲ್ದಾಣದ ಜನಜಂಗುಳಿ. ಮುಖ ಬರೆಯುವುದು ಹಿರಿಯ ಕಲಾವಿದರ ಹಕ್ಕು. ಹಿನ್ನೆಲೆ ಬರೆಯುವವರು ಬಗ್ಗಿ ಕೂತು, ಬೆನ್ನು ನೋಯಿಸಿಕೊಂಡು, ಎದ್ದು ಹೋಗುವವರು. ಟೋಕಿಯೊದಲ್ಲಿ ಅಂಥ ನೂರಾರು ಜನರಿದ್ದರು. ಅವರಲ್ಲೊಬ್ಬರಿಗೆ ಮೂವತ್ತೆಂಟನೆಯ ವಯಸ್ಸಿನಲ್ಲಿ ಒಂದು ವಾರಪತ್ರಿಕೆ ಸ್ವಂತ ಮಾಂಗಾ ಚಿತ್ರಕಥೆ ಬರೆಯುವ ಅವಕಾಶ ಕೊಟ್ಟಿತು. ಚೌಕಟ್ಟಿನ ಗೆರೆ ಎಳೆಯಲು, ಪೆನ್ಸಿಲ್ ಗುರುತು ಅಳಿಸಲು ಅವರು ನನ್ನನ್ನು ಸಹಾಯಕಿಯಾಗಿ ಇಟ್ಟುಕೊಂಡರು.

ಯುದ್ಧ ಮುಗಿದು ಮೂವತ್ತೆರಡನೆಯ ವರ್ಷ ಅದು. ನಾನು ಅವರ ಎರಡು ಕೋಣೆಯ ಬಾಡಿಗೆ ಮನೆಗೆ ಮೊದಲ ದಿನ ಹೋದಾಗ ಗೋಡೆ ನೋಡಿ ಬಾಗಿಲಲ್ಲೇ ನಿಂತುಬಿಟ್ಟೆ. ಗೋಡೆಯ ತುಂಬ ಹತ್ತೊಂಬತ್ತು ಹುಡುಗಿಯರ ಚಿತ್ರ. ಎಲ್ಲರ ಕೈಯಲ್ಲೂ ಉಪಕರಣದ ಪೆಟ್ಟಿಗೆ, ಕುತ್ತಿಗೆಗೆ ಕರವಸ್ತ್ರ, ಕಾಲಿಗೆ ಸವೆದ ಬೂಟು. ಒಬ್ಬಳಿಗೂ ಮುಖವಿರಲಿಲ್ಲ. ಮುಖವಿರಬೇಕಾದಲ್ಲಿ ಮೊಟ್ಟೆಯಂಥ ಬಿಳಿ ಖಾಲಿ.

‘ಹೆದರ್ಬೇಡಿ ಸೆಗಾವ ಅವ್ರೆ,’ ಅಂದರು ಒಕಿತ್ಸು ಮೇಷ್ಟ್ರು. ‘ಇನ್ನೂ ಹೆಸರು ಸಿಕ್ಕಿಲ್ಲ. ಹೆಸರು ಸಿಗದೆ ನನಗೆ ಕಣ್ಣು ಬರೆಯಕ್ಕಾಗಲ್ಲ.’

ಬೇರೆಯವರು ಮೊದಲು ಮುಖ ಬರೆದು ಆಮೇಲೆ ಹೆಸರಿಡುತ್ತಾರೆ. ಇವರದು ಉಲ್ಟಾ. ಕಥೆ ಸಿದ್ಧವಿತ್ತು: ಹದಿನಾರು ವರ್ಷದ ಹುಡುಗಿಯೊಬ್ಬಳು ಊರಿಂದೂರಿಗೆ ನಡೆದು ಹೊಲಿಗೆ ಯಂತ್ರ ರಿಪೇರಿ ಮಾಡುತ್ತಾಳೆ. ಒಂದೊಂದು ವಾರ ಒಂದೊಂದು ಮನೆ, ಒಂದೊಂದು ಕೆಟ್ಟ ಯಂತ್ರ. ಯಾವ ಮನೆಯಲ್ಲೂ ಮೂರು ದಿನಕ್ಕಿಂತ ಹೆಚ್ಚು ಉಳಿಯುವುದಿಲ್ಲ. ಏಕೆ ಉಳಿಯುವುದಿಲ್ಲ ಎಂಬುದು ಮೇಷ್ಟ್ರಿಗೂ ಗೊತ್ತಿರಲಿಲ್ಲ.

ಹೆಸರಿಗಾಗಿ ಅವರು ದೂರವಾಣಿ ಪುಸ್ತಕ ತಿರುವಿದರು, ಬೀದಿ ಬೀದಿ ಅಲೆದು ಗೇಟಿನ ಮೇಲಿನ ಹೆಸರಿನ ಹಲಗೆಗಳನ್ನು ಬರೆದುಕೊಂಡರು. ತಂದ ಹೆಸರನ್ನೆಲ್ಲ ಪತ್ರಿಕೆಯ ಸಂಪಾದಕ ಕಾಜಿತಾನಿ ಹೊಡೆದುಹಾಕಿದ. ಮಳೆಯಿರಲಿ ಬಿಸಿಲಿರಲಿ ಕೊಡೆ ಹಿಡಿದೇ ಬರುವ, ತನ್ನ ತಮಾಷೆಗೆ ತಾನೇ ಮೊದಲು ನಗುವ ಸಣಕಲ ಮನುಷ್ಯ ಅವನು.

‘ಇದೇನ್ ಮೇಷ್ಟ್ರೇ! ಈ ಹೆಸರಿಟ್ರೆ ಹುಡುಗಿ ರಿಪೇರಿ ಮಾಡಲ್ಲ, ಬ್ಯಾಂಕಲ್ಲಿ ಕೂತು ಸೀಲ್ ಹೊಡೀತಾಳೆ. ಇನ್ನೊಂದು ನೋಡೋಣ... ಅಯ್ಯಯ್ಯೋ, ಇದು ನಮ್ಮತ್ತೆ ಹೆಸರು. ಇದನ್ನ ಬರೆದ್ರೆ ಪ್ರತಿ ವಾರ ನಾನು ಹೆದರ್ಕೊಂಡು ಓದ್ಬೇಕು.’

‘ಇನ್ನೊಂದು ವಾರ ಕೊಡಿ.’

‘ಕೊಟ್ಟೆ. ಆದ್ರೆ ಮುಖ ಇಲ್ದಿರೋ ನಾಯಕಿನ ನಾನು ಅಚ್ಚು ಹಾಕಕ್ಕಾಗಲ್ಲ, ತಿಳ್ಕೊಳ್ಳಿ. ಏಪ್ರಿಲ್ ಒಂದಕ್ಕೆ ಹೆಸರು, ಮುಖ, ಎರಡೂ ನನ್ನ ಮೇಜಿನ ಮೇಲಿರ್ಬೇಕು. ಇಲ್ಲಾಂದ್ರೆ ಆ ಜಾಗ ಬೇರೆಯವರಿಗೆ.’

ಮಾರ್ಚಿನಲ್ಲಿ ಹಗಲು ಇರುಳು ಸಮವಾಗುವ ವಾರ ನಾವೆಲ್ಲ ಹಿರಿಯರ ಸಮಾಧಿ ತೊಳೆಯಲು ಊರಿಗೆ ಹೋಗುತ್ತೇವೆ. ಮೇಷ್ಟ್ರೂ ಹೋದರು. ಬಕೆಟ್ಟು, ಮರದ ಸೌಟು, ಊದುಬತ್ತಿ, ಹೂರಣ ಬಳಿದ ಅನ್ನದುಂಡೆ. ಅಪ್ಪನ ಕಲ್ಲು ತೊಳೆದ ಮೇಲೆ ಅರ್ಧ ಬಕೆಟ್ ನೀರು ಉಳಿಯಿತು. ಚೆಲ್ಲಲು ಮನಸ್ಸಾಗದೆ, ಪಕ್ಕದ ಸಾಲಿನಲ್ಲಿ ಪಾಚಿ ಹಿಡಿದು ಅನಾಥವಾಗಿ ನಿಂತಿದ್ದ ಒಂದು ಕಲ್ಲಿನ ಮೇಲೆ ಸುರಿದು ಕೈಯಿಂದ ಉಜ್ಜಿದರು. ಪಾಚಿ ಕಿತ್ತು ಬಂತು. ಒಳಗಿನಿಂದ ಎರಡು ಹೆಸರು ಎದ್ದವು. ಮೊದಲನೆಯದು ಯುದ್ಧದಲ್ಲಿ ಸತ್ತ ಗಂಡನದು. ಅದರ ಎಡಕ್ಕೆ ಹೆಂಡತಿಯದು: ಅಮಗಾಯ ಕಿಸಾ.

ಗಂಡ ಸತ್ತಾಗ ಹೆಂಡತಿಯ ಹೆಸರನ್ನೂ ಜೊತೆಗೇ ಕೆತ್ತಿಸುವುದುಂಟು. ಅವಳು ಬದುಕಿರುವವರೆಗೆ ಆ ಅಕ್ಷರಗಳಿಗೆ ಕೆಂಪು ಬಣ್ಣ ತುಂಬಿರುತ್ತಾರೆ. ಸತ್ತ ಮೇಲೆ ಕೆಂಪು ತೆಗೆಯುತ್ತಾರೆ. ಇದು ಮೇಷ್ಟ್ರಿಗೆ ಚೆನ್ನಾಗಿ ಗೊತ್ತಿತ್ತು. ಬದುಕಿರುವವರ ಹೆಸರು ಕದಿಯುವ ಮನುಷ್ಯರಲ್ಲ ಅವರು. ಬಗ್ಗಿ, ಅಕ್ಷರದ ಕೊರೆತದಲ್ಲಿ ಬೆರಳಿಟ್ಟು, ಉಗುರಿನಿಂದ ಕೆರೆದು ನೋಡಿದರು. ಕೆಂಪಿನ ಸುಳಿವೂ ಇರಲಿಲ್ಲ. ಬರೀ ಬೂದು ಕಲ್ಲು. ಊದುಬತ್ತಿ ಹಚ್ಚಿ, ಕೈಮುಗಿದು, ‘ತಾಯಿ, ನಿಮ್ಮ ಹೆಸರು ನನಗೆ ಕೊಡಿ’ ಎಂದು ಕೇಳಿಕೊಂಡು ಬಂದರು.

ಹಿಂದಿರುಗುವ ರೈಲಿನಲ್ಲಿ ಅನ್ನದುಂಡೆ ಸುತ್ತಿದ್ದ ಕಾಗದದ ಮೇಲೆ ಕಣ್ಣು ಬಂತಂತೆ. ಆಮೇಲೆ ಹುಬ್ಬು. ಊರು ದಾಟುವಷ್ಟರಲ್ಲಿ ಬಾಯಿ, ಬಾಯಿಯ ಒಂದು ಕಡೆ ಮಾತ್ರ ಏಳುವ ನಗು. ಮರುದಿನ ನಾನು ಬಂದು ನೋಡಿದೆ. ಹತ್ತೊಂಬತ್ತು ಬಿಳಿ ಮೊಟ್ಟೆಗಳಿಂದ ಒಬ್ಬಳು ಹೊರಬಂದು ನನ್ನನ್ನೇ ದಿಟ್ಟಿಸುತ್ತಿದ್ದಳು.

ಕಾಜಿತಾನಿ ಮೊದಲ ಬಾರಿಗೆ ನಗಲಿಲ್ಲ. ‘ಅಮಗಾಯ ಕಿಸಾ,’ ಎಂದು ಎರಡು ಸಲ ಹೇಳಿಕೊಂಡ. ‘ತುಂಬಾ ದೂರ ನಡೆದು ಬಂದ ಹೆಸರು. ಎಲ್ಲಿ ಸಿಕ್ತು?’

‘ಕೇಳಿಕೊಂಡು ತಂದೆ,’ ಅಂದರು ಮೇಷ್ಟ್ರು.

ಬೇಸಗೆಯಲ್ಲಿ ಧಾರಾವಾಹಿ ಶುರುವಾಯಿತು. ನಮ್ಮಲ್ಲಿ ಪ್ರತಿ ಸಂಚಿಕೆಯ ಜೊತೆ ಒಂದು ಕಾರ್ಡ್ ಇರುತ್ತದೆ; ಮೆಚ್ಚಿದ ಮೂರು ಕಥೆ ಗುರುತಿಸಿ, ಹೆಸರು ವಯಸ್ಸು ಬರೆದು ಓದುಗರು ಅಂಚೆಗೆ ಹಾಕುತ್ತಾರೆ. ಯಾವ ಕಥೆ ಬದುಕಬೇಕು, ಯಾವುದು ಸಾಯಬೇಕು ಎಂಬುದನ್ನು ಆ ಕಾರ್ಡುಗಳೇ ತೀರ್ಮಾನಿಸುತ್ತವೆ. ಅಕ್ಟೋಬರ್ ಹೊತ್ತಿಗೆ ಕಿಸಾ ಮೂರನೆಯ ಸ್ಥಾನದಲ್ಲಿದ್ದಳು. ಮೊದಲ ಪುಸ್ತಕ ಅಚ್ಚಿಗೆ ಸಿದ್ಧವಾಗುತ್ತಿತ್ತು. ಮೇಷ್ಟ್ರು ಹೊಸ ಸ್ವೆಟರ್ ಕೊಂಡರು. ಬೆನ್ನು ನೆಟ್ಟಗೆ ಮಾಡಿ ನಡೆಯತೊಡಗಿದರು.

ನವೆಂಬರಿನ ಒಂದು ಮಧ್ಯಾಹ್ನ ಬಾಗಿಲು ಬಡಿದ ಸದ್ದಾಯಿತು. ನಾನೇ ತೆರೆದೆ. ಐವತ್ತೈದು ದಾಟಿದ ಹೆಂಗಸು. ಅಚ್ಚುಕಟ್ಟಾಗಿ ಗುಂಗುರು ಮಾಡಿಸಿದ ಕೂದಲು, ಬಟ್ಟೆಯಲ್ಲಿ ಕಟ್ಟಿದ ಗಂಟು.

‘ಅಮಗಾಯ ಕಿಸಾನ ಬರೆಯೋರ ಮನೆ ಇದೇನಾ?’

‘ಹೌದಮ್ಮ. ಹಸ್ತಾಕ್ಷರ ಬೇಕಿದ್ರೆ ಪತ್ರಿಕೆ ಆಫೀಸಿಗೆ ಬರೀಬೇಕು, ಇಲ್ಲಿ...’

‘ಹಸ್ತಾಕ್ಷರ ಯಾರಿಗೆ ಬೇಕು? ಅಮಗಾಯ ಕಿಸಾ ನಾನೇ.’

ನನಗೆ ನಗು ಬಂತು. ತಮ್ಮನ್ನು ನಾಯಕಿ ಎಂದುಕೊಂಡು ಪತ್ರ ಬರೆಯುವ ಹುಡುಗಿಯರು ಎಲ್ಲ ಪತ್ರಿಕೆಗೂ ಇರುತ್ತಾರೆ. ಈ ವಯಸ್ಸಿನವರನ್ನು ನೋಡಿರಲಿಲ್ಲ, ಅಷ್ಟೇ.

‘ನಗು, ನಗು,’ ಅಂದಳು ಆಕೆ. ‘ನಾನೂ ನಗ್ತಿದ್ದೆ, ನನ್ನ ಹೆಸರಲ್ಲದಿದ್ರೆ.’

ಚಪ್ಪಲಿ ಬಿಟ್ಟು, ನನ್ನನ್ನು ಸರಿಸಿ ಒಳಗೆ ಬಂದಳು. ಮೇಷ್ಟ್ರು ತಲೆಯೆತ್ತಿದರು. ಅವರ ನಿಬ್ಬಿನಿಂದ ಒಂದು ದಪ್ಪ ಹನಿ ಮಸಿ ಆಗಷ್ಟೇ ಮುಗಿಸಿದ ಕೆನ್ನೆಯ ಮೇಲೆ ಬಿತ್ತು. ಆಕೆ ಗಂಟು ಬಿಚ್ಚಿ ನಮ್ಮ ಪತ್ರಿಕೆಯ ಸಂಚಿಕೆಯನ್ನು ಮೇಜಿನ ಮೇಲಿಟ್ಟಳು.

‘ಕವಾಗೊಯೆಯಲ್ಲಿ ನನ್ನದೊಂದು ಪಾರ್ಲರ್ ಇದೆ. ಮೊನ್ನೆ ಒಬ್ಬ ಹುಡುಗಿ ಕೂದಲು ಒಣಗಿಸ್ಕೊಳ್ತಾ ಇದನ್ನ ಓದ್ತಿದ್ಲು. “ಅಮ್ಮಾ, ಇವಳ ಹೆಸರೂ ಕಿಸಾ, ಅಮಗಾಯ ಕಿಸಾ” ಅಂದ್ಲು. ಕೈಯಲ್ಲಿದ್ದ ಕತ್ತರಿ ನೆಲಕ್ಕೆ ಬಿತ್ತು. ಆ ಹೆಸರಲ್ಲಿ ನಾನು ಆರು ವರ್ಷ ಬದುಕಿದ್ದೆ, ಹತ್ತೊಂಬತ್ತರಿಂದ ಇಪ್ಪತ್ತೈದರವರೆಗೆ. ಬಿಟ್ಟು ಮೂವತ್ತೊಂದು ವರ್ಷ ಆಯ್ತು. ಈಗ ನಾನು ಮುರೊಯಿ. ನನ್ನ ಮಗಳಿಗೂ ಈ ವಿಷಯ ಗೊತ್ತಿಲ್ಲ. ಯಾರ್ರೀ ಹೇಳಿದ್ದು ನಿಮಗೆ?’

‘ಯಾರೂ ಹೇಳ್ಲಿಲ್ಲ.’

‘ಮತ್ತೆ ಎಲ್ಲಿ ಸಿಕ್ತು?’

ನನಗೂ ಆ ಕ್ಷಣದವರೆಗೆ ಅದು ಎಲ್ಲಿಂದ ಬಂದದ್ದೆಂದು ಗೊತ್ತಿರಲಿಲ್ಲ. ಮೇಷ್ಟ್ರು ಕುರ್ಚಿಯಿಂದಿಳಿದು ನೆಲದ ಮೇಲೆ ಮಂಡಿಯೂರಿ, ಹಣೆ ಚಾಪೆಗೆ ತಾಗುವಂತೆ ಬಗ್ಗಿದರು.

‘ಕ್ಷಮಿಸಿ ತಾಯಿ. ನಿಮ್ಮ ಸಮಾಧಿಯಿಂದ.’

ಆಕೆಯ ಕೈ ತಾನಾಗಿ ಮೇಲೆದ್ದು ಕುತ್ತಿಗೆಯ ಪಕ್ಕಕ್ಕೆ ಹೋಯಿತು. ನಾಡಿ ಮುಟ್ಟಿ ನೋಡಿಕೊಂಡಳು.

‘ಕೆಂಪು ಇರ್ಲಿಲ್ಲ,’ ಮೇಷ್ಟ್ರು ಚಾಪೆಗೇ ಹೇಳುತ್ತಿದ್ದರು. ‘ನೋಡ್ದೆ ತಾಯಿ. ಉಗುರಲ್ಲಿ ಕೆರೆದೂ ನೋಡ್ದೆ. ಇದ್ದಿದ್ರೆ ಮುಟ್ತಿರ್ಲಿಲ್ಲ.’

‘ಅಳಿಸ್ತೀನಿ ಅಂದಿದ್ರು,’ ಅಂದಳು ಆಕೆ, ಯಾರಿಗೋ ಹೇಳುವಂತೆ. ‘ಮನೆ ಬಿಡೋ ದಿನ ನನ್ನ ಮಾವನ್ನ ಕೇಳ್ಕೊಂಡೆ, ಕಲ್ಲಿನ ಮೇಲಿಂದ ನನ್ನ ಹೆಸರು ತೆಗೆಸಿ ಅಂತ. “ನಾಳೇನೇ ಕಲ್ಲುಕುಟಿಗನ್ನ ಕರೆಸ್ತೀನಿ, ನೀನು ಹೊರಡು” ಅಂದ್ರು. ಮುಖ ತಿರುಗಿಸ್ಕೊಂಡು ಅಂದ್ರು.’

ನಾನು ಚಹಾ ತಂದೆ. ಯಾರೂ ಮುಟ್ಟಲಿಲ್ಲ.

‘ಏಳಿ ಮೇಲೆ,’ ಅಂದಳು ಕೊನೆಗೆ. ‘ನಾಳೆ ಬೆಳಿಗ್ಗೆ ಅಲ್ಲಿಗೆ ಕರ್ಕೊಂಡ್ಹೋಗಿ. ನಾನು ಸತ್ತಿರೋದನ್ನ ನನ್ನ ಕಣ್ಣಲ್ಲೇ ನೋಡ್ಬೇಕು. ಹೆಸರು ನೀವು ಇಟ್ಕೋಬಹುದೋ ಇಲ್ವೋ ಆಮೇಲೆ ಹೇಳ್ತೀನಿ.’

ಆಕೆ ಹೋದಮೇಲೆ ಮೇಷ್ಟ್ರು ಕಾಜಿತಾನಿಗೆ ಫೋನ್ ಮಾಡಿದರು. ಆಚೆಯಿಂದ ಬಂದ ಕೂಗು ಕೋಣೆಯ ಈ ಮೂಲೆಗೂ ಕೇಳಿಸಿತು.

‘ಬದುಕಿದ್ದಾರಾ?! ಮೇಷ್ಟ್ರೇ, ಪುಸ್ತಕ ಅಚ್ಚಿಗೆ ಹೋಗಕ್ಕೆ ಎಂಟು ದಿನ ಇದೆ! ಆಯಮ್ಮ ಬೇಡ ಅಂದ್ರೆ ಹೆಸರು ಬದಲಾಯಿಸ್ಬೇಕು. ಹದಿನೆಂಟು ಕಂತಿನ ಮಾತೆಲ್ಲ ಕಿತ್ತು ಹೊಸದು ಅಂಟಿಸ್ಬೇಕು.’

‘ಹೆಸರು ಹೋದ್ರೆ ಮುಖಾನೂ ಹೋಗುತ್ತೆ,’ ಅಂದರು ಮೇಷ್ಟ್ರು. ‘ಬೇರೆ ಹೆಸರಲ್ಲಿ ಅವಳನ್ನ ಬರೆಯಕ್ಕೆ ನನಗೆ ಬರಲ್ಲ. ನಿಲ್ಲಿಸ್ತೀನಿ.’

ಫೋನಿಟ್ಟು ಮಸಿ ಬಿದ್ದ ಪುಟವನ್ನು ಬಹಳ ಹೊತ್ತು ನೋಡುತ್ತ ಕೂತರು. ಹದಿನಾಲ್ಕು ವರ್ಷ ಕಾದು ಸಿಕ್ಕ ಒಬ್ಬಳೇ ಒಬ್ಬಳು. ಅವಳು ಉಳಿಯುತ್ತಾಳೋ ಇಲ್ಲವೋ ಎಂಬುದು ಈಗ ಅಪರಿಚಿತ ಹೆಂಗಸಿನ ಒಂದು ಮಾತಿನಲ್ಲಿತ್ತು.

ಮರುದಿನ ರೈಲಿನಲ್ಲಿ ಮೂರು ಗಂಟೆಯ ದಾರಿ. ಮೇಷ್ಟ್ರು ಜೊತೆಗೆ ಬರಲು ನನ್ನನ್ನೂ ಕೇಳಿಕೊಂಡಿದ್ದರು. ಒಬ್ಬರೇ ಹೋಗಲು ಅಂಜಿಕೆ. ಕಿಸಾ ಅಮ್ಮ ನಮ್ಮೆದುರು ಕೂತು ಬುತ್ತಿ ಬಿಚ್ಚಿ ಮೂವರಿಗೂ ಹಂಚಿದಳು. ಆಮೇಲೆ ಮೇಷ್ಟ್ರ ತಲೆಯನ್ನೇ ನೋಡುತ್ತ, ‘ಯಾರು ಕತ್ತರಿಸಿದ್ದು ಇದನ್ನ?’ ಅಂದಳು.

‘ನಾನೇ. ಕನ್ನಡಿ ನೋಡ್ಕೊಂಡು.’

‘ಕನ್ನಡಿ ಏನೂ ಅನ್ಲಿಲ್ವಾ?’

ನಾನು ಕಿಟಕಿಯ ಕಡೆ ತಿರುಗಿ ನಗು ನುಂಗಿದೆ. ಮೇಷ್ಟ್ರ ಕಿವಿ ಕೆಂಪಾಯಿತು.

ಸಮಾಧಿಗಳಿದ್ದ ಮಠದ ಅಂಗಳದಲ್ಲಿ ಗಿಂಕೊ ಮರದ ಹಳದಿ ಎಲೆ ರಾಶಿ ಬಿದ್ದಿತ್ತು. ಗುರುಗಳು ಗುಡಿಸುತ್ತಿದ್ದರು. ನಾವು ಮೊದಲು ಕಲ್ಲಿನ ಹತ್ತಿರ ಹೋದೆವು. ಕಿಸಾ ಅಮ್ಮ ಅದರೆದುರು ನಿಂತು ಎರಡೂ ಹೆಸರನ್ನು ಓದಿದಳು. ಗಂಡನ ಹೆಸರಿನ ಮೇಲೆ ಅಂಗೈಯಿಟ್ಟು ಕಣ್ಣು ಮುಚ್ಚಿದಳು. ಆಮೇಲೆ ತನ್ನ ಹೆಸರಿನ ಗೆರೆಗಳಲ್ಲಿ ಬೆರಳಾಡಿಸುತ್ತ ಹೋದಳು, ಗಾಯದ ಹಳೆಯ ಕಲೆ ಮುಟ್ಟಿ ನೋಡುವಂತೆ.

ಹೊಸಬರನ್ನು ಕಂಡು ಗುರುಗಳು ಪೊರಕೆ ಹಿಡಿದೇ ಬಂದರು. ನಲವತ್ತೈದರ ಆಸುಪಾಸಿನ, ದುಂಡು ಮುಖದ ಮನುಷ್ಯ.

‘ಅಮಗಾಯ ಮನೆಯವರಾ? ಅಬ್ಬ, ಇಪ್ಪತ್ತು ವರ್ಷದಿಂದ ಯಾರೂ ಬಂದಿಲ್ಲ. ನೀವು ಯಾರ ಕಡೆಯೋರು?’

‘ಇವಳ ಕಡೆಯೋಳು,’ ಅಂದಳು ಕಿಸಾ ಅಮ್ಮ, ಬೆರಳನ್ನು ಹೆಸರಿನಿಂದ ತೆಗೆಯದೆ.

‘ಓ, ಕಿಸಾ ತಾಯಿ ಕಡೆಯೋರಾ! ಯೋಚನೆ ಮಾಡ್ಬೇಡಿ. ಯಾರೂ ಬರದಿದ್ರೂ ನಾನು ಬಿಟ್ಟಿಲ್ಲ. ಪ್ರತಿ ಬೇಸಗೆ ಸತ್ತವರು ಮನೆಗೆ ಬರೋ ಹಬ್ಬದಲ್ಲಿ ಅವರ ಹೆಸರು ಹಿಡಿದು ಮಂತ್ರ ಹೇಳ್ತೀನಿ. ಅವರ ಆತ್ಮ ಶಾಂತವಾಗಿದೆ.’

‘ಶಾಂತವಾಗಿಲ್ಲ ಗುರುಗಳೇ. ಮೊಣಕಾಲು ನೋವಿದೆ. ಬೆಳಗಿಂದ ಸಂಜೆವರೆಗೆ ನಿಂತು ಕೂದಲು ಕತ್ತರಿಸ್ತೀನಿ. ನಾನೇ ಆ ಕಿಸಾ.’

ಪೊರಕೆ ಕೆಳಗೆ ಬಿತ್ತು. ಗುರುಗಳು ಎರಡು ಹೆಜ್ಜೆ ಹಿಂದೆ ಸರಿದು ಮೊದಲು ನೋಡಿದ್ದು ಆಕೆಯ ಪಾದಗಳನ್ನು. ನಮ್ಮಲ್ಲಿ ದೆವ್ವಕ್ಕೆ ಪಾದವಿರುವುದಿಲ್ಲ.

‘ಇದೆ, ಇದೆ,’ ಅಂದಳು ಕಿಸಾ ಅಮ್ಮ, ಒಂದು ಕಾಲೆತ್ತಿ ತೋರಿಸುತ್ತ. ‘ಎರಡೂ ಇದೆ.’

ಗುರುಗಳು ಪಕ್ಕದ ಕಲ್ಲಿನ ಕಟ್ಟೆಯ ಮೇಲೆ ಕುಸಿದು ಕೂತರು. ಹಣೆ ಒರೆಸಿಕೊಂಡರು. ಬದುಕಿರುವವರಿಗೆ ಇಷ್ಟು ವರ್ಷ ಪರಲೋಕದ ಮಂತ್ರ ಹೇಳಿದ್ದೇನಲ್ಲ, ಇದಕ್ಕೆ ಪ್ರಾಯಶ್ಚಿತ್ತವೇನು ಎಂದು ಗೊಣಗಿದರು. ಆಮೇಲೆ, ಕೆಂಪು ಇರಲಿಲ್ಲವೆಂದು ಮೇಷ್ಟ್ರು ಹೇಳಿದ್ದನ್ನೇ ಅವರೂ ಹೇಳಿದರು.

‘ಮೊದಲು ಇತ್ತು. ನಾನು ಚಿಕ್ಕೋನಿದ್ದಾಗ ನೋಡಿದ್ದೀನಿ. ನಿಮ್ಮ ಮಾವ ಪ್ರತಿ ವರ್ಷ ಇದೇ ತಿಂಗಳು ಬರೋರು. ಒಂದು ಸಣ್ಣ ಡಬ್ಬಿ, ಒಂದು ಕುಂಚ. ಹಿಮ ಬೀಳೋಕೆ ಮುಂಚೆ ನಿಮ್ಮ ಹೆಸರಿಗೆ ಕೆಂಪು ತುಂಬೋರು. ಕೊನೇ ವರ್ಷಗಳಲ್ಲಿ ಕೈ ನಡುಗ್ತಿತ್ತು, ಆಗ ಮಠ ನೋಡ್ಕೊಳ್ತಿದ್ದ ನಮ್ಮಪ್ಪ ಮಣಿಕಟ್ಟು ಹಿಡ್ಕೊಳ್ಳೋರು. ಅವರು ಹೋದ ಮೇಲೆ ತುಂಬೋರು ಯಾರೂ ಇರ್ಲಿಲ್ಲ. ಹಿಮಕ್ಕೆ ಬಣ್ಣ ಎದ್ದುಹೋಯ್ತು. ಮಠದ ಹೊಣೆ ನನ್ನ ಕೈಗೆ ಬರೋ ಹೊತ್ತಿಗೆ ಕಲ್ಲು ಹೀಗೇ ಇತ್ತು. ಸತ್ತಿದ್ದಾರೆ ಅಂದ್ಕೊಂಡೆ.’

ಕಿಸಾ ಅಮ್ಮ ಹೆಸರಿನ ಮೇಲಿಂದ ಬೆರಳು ಕಿತ್ತುಕೊಂಡಳು. ನಿನ್ನೆಯಿಂದ ಅವಳು ಎಷ್ಟೋ ಸಲ ಬೆಚ್ಚಿದ್ದಳು, ಹೀಗೆ ಬೆಚ್ಚಿರಲಿಲ್ಲ.

‘ಪ್ರತಿ ವರ್ಷನಾ?’

‘ಹನ್ನೊಂದು ವರ್ಷ.’

‘ಯಾಕೆ? ನಾನು ವಾಪಸ್ ಬರ್ತೀನಿ ಅಂತಾನಾ? ಬರಲೇಬೇಕು ಅಂತಾನಾ?’

‘ಅದನ್ನ ಅವರು ಹೇಳ್ಲಿಲ್ಲ,’ ಅಂದರು ಗುರುಗಳು. ‘ನಮ್ಮಪ್ಪ ಒಂದ್ಸಲ ಕೇಳಿದ್ರಂತೆ. “ಬದುಕಿದ್ದಾಳಲ್ಲ” ಅಂದ್ರಂತೆ. ಅಷ್ಟೇ.’

ಆಕೆ ಕಲ್ಲಿಗೆ ಬೆನ್ನು ಕೊಟ್ಟು ಕೂತಳು. ಎಲೆಗಳು ಬೀಳುತ್ತಲೇ ಇದ್ದವು. ಮೇಷ್ಟ್ರು ‘ಹೆಸರು ವಾಪಸ್ ಕೊಡ್ತೀನಿ ತಾಯಿ,’ ಅಂದರು. ‘ಕಥೆ ನಿಲ್ಲಿಸ್ತೀನಿ.’

‘ಸುಮ್ನಿರಿ ಸ್ವಲ್ಪ,’ ಅಂದಳು.

ಗುರುಗಳು ಎದ್ದು, ಬಿದ್ದಿದ್ದ ಪೊರಕೆಯನ್ನು ಕಟ್ಟೆಗೆ ಒರಗಿಸಿದರು.

‘ಡಬ್ಬಿ ತರ್ಲಾ?’ ಗುರುಗಳು ಮೆಲ್ಲಗೆ ಕೇಳಿದರು. ‘ಈಗ್ಲೇ ಕೆಂಪು ತುಂಬ್ತೀನಿ. ತಪ್ಪು ನನ್ನದು.’

‘ಬೇಡ. ಬದುಕಿರೋದು ಮುರೊಯಿ ಕಿಸಾ. ಈ ಕಲ್ಲಿನ ಮೇಲಿರೋಳು ನಾನು ಮನೆ ಬಿಟ್ಟ ವಸಂತದಲ್ಲೇ ಸತ್ತಳು, ಗೇಟು ದಾಟಿದ ದಿನ. ಅವಳಿಗೆ ಯಾರೂ ಮಂತ್ರ ಹೇಳಿರ್ಲಿಲ್ಲ ಅಂದ್ಕೊಂಡಿದ್ದೆ. ನೀವು ಹೇಳಿದ್ದೀರಿ. ಇನ್ನು ಮುಂದೆಯೂ ಹೇಳಿ.’ ಆಮೇಲೆ ಮೇಷ್ಟ್ರ ಕಡೆ ತಿರುಗಿದಳು. ‘ನೀವು ಸತ್ತವಳ ಹೆಸರನ್ನೇ ಕೇಳ್ಕೊಂಡು ತಗೊಂಡ್ರಿ. ಇಟ್ಕೊಳ್ಳಿ.’

ಮೇಷ್ಟ್ರು ಉಸಿರು ಬಿಟ್ಟರು. ನಾನೂ ಬಿಟ್ಟೆ.

‘ಆದ್ರೆ ನೀವು ಬರೆದಿರೋದು ಸುಳ್ಳು.’

‘ಏನು ಸುಳ್ಳು?’

‘ಹದಿನಾರು ವರ್ಷದ ಅಮಗಾಯ ಕಿಸಾ ಅಂತ ಯಾವತ್ತೂ ಯಾರೂ ಇರ್ಲಿಲ್ಲ. ಹದಿನಾರಲ್ಲಿ ನಾನು ನಮ್ಮಪ್ಪನ ಮನೆ ಹೆಸರಲ್ಲಿದ್ದೆ. ಇದು ಮದುವೆಯಾಗಿ ಬಂದ ಹೆಸರು ಕಣ್ರೀ. ಆ ಮನೆಗೆ ಸೊಸೆಯಾಗಿ ಹೋಗಿ, ಗಂಡನ್ನ ಕಳ್ಕೊಂಡು, ಅವನ ಪಕ್ಕ ಜಾಗ ಕಾದಿರಿಸಿದ್ದಾರೆ ಅಂತ ಗೊತ್ತಾದವಳ ಹೆಸರು. ಅದನ್ನ ನೀವು ಯಾರದ್ದೋ ಮುದ್ದಿನ ಮಗಳಿಗೆ ಇಟ್ಟಿದ್ದೀರಿ. ನಿಮ್ಮ ಹುಡುಗಿ ಯಾಕೆ ಯಾವ ಮನೇಲೂ ಮೂರು ದಿನಕ್ಕಿಂತ ಹೆಚ್ಚು ಇರಲ್ಲ?’

‘ನನಗೆ ಗೊತ್ತಿಲ್ಲ,’ ಅಂದರು ಮೇಷ್ಟ್ರು.

‘ನನಗೆ ಗೊತ್ತು,’ ಅಂದಳು ಕಿಸಾ ಅಮ್ಮ.

ಸಿಡಿಲು ಬಡಿದವರಂತೆ ನಿಂತರು ಮೇಷ್ಟ್ರು. ಹಿಂದಿರುಗುವಾಗ ರೈಲಿನಲ್ಲಿ ಬುತ್ತಿ ಸುತ್ತಿದ್ದ ಕಾಗದದ ಮೇಲೆ ಏನೋ ಬರೆಯುತ್ತಲೇ ಇದ್ದರು. ಕಿಸಾ ಅಮ್ಮ ತನ್ನ ಊರಿನಲ್ಲಿ ಇಳಿಯುವಾಗ, ‘ಒಂದಿನ ಪಾರ್ಲರಿಗೆ ಬನ್ನಿ, ಆ ತಲೆಗೆ ಏನಾದ್ರೂ ಮಾಡೋಣ’ ಅಂದಳು. ಅವರು ತಲೆಬಾಗಿದರು.

ಪುಸ್ತಕ ಅದೇ ಹೆಸರಿನಲ್ಲಿ ಅಚ್ಚಿಗೆ ಹೋಯಿತು. ಕಾಜಿತಾನಿ ಬಚಾವಾದೆವೆಂದು ಮೇಷ್ಟ್ರ ಬೆನ್ನು ತಟ್ಟಿದ. ಹತ್ತು ದಿನದ ನಂತರ ಇಪ್ಪತ್ತೊಂದನೆಯ ಕಂತು ಅವನ ಕೈಗೆ ಬಂತು. ಅದರಲ್ಲಿ ಕಿಸಾ ಮೊದಲ ಬಾರಿಗೆ ತನ್ನ ನಿಜವಾದ ವಯಸ್ಸು ಹೇಳುತ್ತಾಳೆ. ಇಪ್ಪತ್ತೈದು. ಒಂದು ಮನೆಯ ಯಂತ್ರ ಬಿಚ್ಚುತ್ತ, ಆ ಮನೆಯ ಸೊಸೆಗೆ ತನ್ನ ಮದುವೆಯ ಕಥೆ ಹೇಳುತ್ತಾಳೆ, ಕಲ್ಲಿನ ಮೇಲೆ ತನ್ನ ಹೆಸರು ಕಂಡ ದಿನದ ಕಥೆ. ಇನ್ನು ಯಾವ ಮನೆಯೂ ತನ್ನ ಹೆಸರು ಕೆತ್ತಿಸದಿರಲೆಂದೇ ಮೂರು ದಿನಕ್ಕೆ ಹೊರಟುಬಿಡುತ್ತೇನೆ ಅನ್ನುತ್ತಾಳೆ. ಮುಖ ಬದಲಾಗಿರಲಿಲ್ಲ. ಅದೇ ಕಣ್ಣು, ಅದೇ ಒಂದು ಕಡೆಯ ನಗು. ಆದರೆ ಇಷ್ಟು ದಿನ ನಾವು ತುಂಟತನ ಎಂದುಕೊಂಡಿದ್ದ ನಗು ತುಂಟತನವಲ್ಲ ಎಂದು ತಿಳಿದು ನನಗೆ ಗೆರೆ ಎಳೆಯಲು ಕೈ ಬರಲಿಲ್ಲ.

ಕಾಜಿತಾನಿ ನಿಂತೇ ಓದಿದ. ಕೊನೆಯ ಪುಟ ಮೇಜಿನ ಮೇಲಿಟ್ಟು ಕುರ್ಚಿ ಹುಡುಕಿ ಕೂತ.

‘ಮೇಷ್ಟ್ರೇ, ನಮ್ಮ ಪತ್ರಿಕೆ ಓದೋರು ಹದಿಮೂರು ಹದಿನಾಲ್ಕು ವರ್ಷದ ಮಕ್ಕಳು.’

‘ಗೊತ್ತು.’

‘ಇಪ್ಪತ್ತು ವಾರ ಅವರ ಗೆಳತಿಯಾಗಿದ್ದವಳನ್ನ ವಿಧವೆ ಅಂತೀರಲ್ಲ! ಕೊನೇ ಪುಟದಲ್ಲಿ ಇದೆಲ್ಲ ಕನಸು ಅಂತ ಬರೀರಿ. ಒಂದೇ ಚೌಕಟ್ಟು. ಅವಳು ಉಳ್ಕೋತಾಳೆ. ನೀವೂ ಉಳ್ಕೋತೀರಿ.’

‘ಹಾಗೆ ಉಳಿದೋಳು ಬೇರೆ ಯಾರೋ ಆಗಿರ್ತಾಳೆ. ಅವಳಿಗೆ ನಾನು ಹೆಸರಿಟ್ಟಿಲ್ಲ.’

‘ಇದು ನಿಮ್ಮನ್ನ ಮುಗಿಸುತ್ತೆ, ಮೇಷ್ಟ್ರೇ.’

‘ಇರಬಹುದು.’ ಅವರು ಪುಟಗಳನ್ನು ಜೋಡಿಸಿ ಅವನ ಕೈಗಿಟ್ಟರು. ‘ಅಚ್ಚು ಹಾಕಿ.’

ಹಾಕಿದ. ಕಥೆ ಮೂರನೆಯ ಸ್ಥಾನದಿಂದ ಹದಿನೇಳಕ್ಕೆ ಬಿತ್ತು. ಮೋಸ ಮಾಡಿದಿರಿ ಎಂದು ಮಕ್ಕಳು ದೊಡ್ಡ ದೊಡ್ಡ ಅಕ್ಷರದಲ್ಲಿ ಬರೆದಿದ್ದರು. ಒಬ್ಬ ಹುಡುಗಿ ಕಿಸಾಳ ಚಿತ್ರ ಕತ್ತರಿಸಿ, ಮುಖದ ಮೇಲೆ ಅಡ್ಡಗೆರೆ ಎಳೆದು ಕಳಿಸಿದ್ದಳು. ಮೇಷ್ಟ್ರು ಅದನ್ನು ಹಿಡಿದು ನೋಡಿ ಬೆನ್ನು ಬಗ್ಗಿಸಿ ಕೂತರು. ಇನ್ನು ಐದು ಕಂತಿಗೆ ಕಥೆ ಮುಗಿಸಬೇಕೆಂದು ತೀರ್ಮಾನವಾಯಿತು.

ಮುಂದಿನ ವಾರ ಕಾಜಿತಾನಿ ಬಂದಾಗ ಕೊಡೆ ಮರೆತುಬಂದಿದ್ದ. ಜೇಬಿನಿಂದ ಒಂದು ಕಟ್ಟು ಕಾರ್ಡು ತೆಗೆದು ಮೇಜಿನ ಮೇಲಿಟ್ಟ.

‘ತೀರ್ಮಾನ ಬದಲಾಗಲ್ಲ, ಇವು ಬರೀ ನಲವತ್ತೊಂದು. ಆದ್ರೆ ಹತ್ತು ವರ್ಷದ ಕೆಲಸದಲ್ಲಿ ನಾನು ಇಂಥದ್ದು ನೋಡಿಲ್ಲ. ಇವರೆಲ್ಲ ಮಕ್ಕಳಲ್ಲ. ಅವರ ಅಮ್ಮಂದಿರು, ಅಜ್ಜಿಯರು. ಮಕ್ಕಳ ಪತ್ರಿಕೆಯಿಂದ ಕಾರ್ಡ್ ಕಿತ್ತು ಬರೆದಿದ್ದಾರೆ. ಹೆಸರಿನ ಜಾಗ ನೋಡಿ.’

ಹೆಸರು ಬರೆಯುವ ಆ ಚಿಕ್ಕ ಚೌಕದಲ್ಲಿ ಪ್ರತಿಯೊಬ್ಬಳೂ ಎರಡು ಹೆಸರು ಬರೆದಿದ್ದಳು. ಜಾಗ ಸಾಲದೆ ಅಕ್ಷರಗಳು ಗೆರೆ ದಾಟಿದ್ದವು. ಮೇಷ್ಟ್ರು ಕನ್ನಡಕ ಹಾಕಿಕೊಂಡು ಗಟ್ಟಿಯಾಗಿ ಓದಿದರು.

‘ಸೊನೆದಾ ಮಿಯೊ, ಐವತ್ತೆರಡು ವರ್ಷ. ಮೊದಲು ಮೂರು ವರ್ಷ ಹಿಗುರೆ ಮಿಯೊ.’

ಕಾರ್ಡನ್ನು ಕೆಳಗಿಟ್ಟು ಮುಂದಿನದನ್ನು ಎತ್ತಿಕೊಂಡರು.

‘ಕುಬೋಕಿ ತೊಕು, ಅರವತ್ತು. ಮೊದಲು ಎಂಟು ತಿಂಗಳು ನಿರಸಾವ ತೊಕು.’

ಕಾಜಿತಾನಿ ನಿಂತಲ್ಲೇ ನಿಂತಿದ್ದ. ನಾನು ಪೆನ್ನು ಕೆಳಗಿಟ್ಟೆ. ಉಳಿದ ಮೂವತ್ತೊಂಬತ್ತನ್ನೂ ಅವರು ಒಂದೊಂದಾಗಿ, ಅವಸರವಿಲ್ಲದೆ ಓದಿದರು.